‘ಬೇಡ’ ಎನ್ನುವವರು ಯಾರಿದ್ದಾರೆ?

ಸರ್ವಾಧಿಕಾರಿಗಳನ್ನೂ ಪಾಶ್ಚಾತ್ಯ ಪ್ರಜಾಪ್ರಭುತ್ವಗಳ ನಾಯಕರನ್ನೂ ಹೋಲಿಸಿ ಕೇಳಿದ ಪ್ರಶ್ನೆಗಳು ಈ ಸಲ ಹೆಚ್ಚಾಗಿ ಬಂದಿವೆ. ಅವುಗಳಲ್ಲಿ ಆರಕ್ಕೆ ಇಲ್ಲಿ ಉತ್ತರವಿದೆ.

ಉಕ್ರೇನ್ ಯುದ್ಧ ಶುರುವಾದ ವಾರವೇ ನಮ್ಮ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಬಲಿಯಾದ. ಆಗಿನಿಂದ ಮನೆಯಲ್ಲಿ ಇದೇ ವಾದ. ಪುಟಿನ್ ಅಪಾಯಕಾರಿ ಎಂದು ನಾನು ಅಂದರೆ, ‘ಬುಷ್, ಬ್ಲೇರ್ ಇರಾಕಿಗೆ ನುಗ್ಗಲಿಲ್ಲವೇ? ಅವರಿಗಿಂತ ಇವನೇನು ಹೆಚ್ಚು?’ ಎಂದು ತಮ್ಮ ಕೇಳುತ್ತಾನೆ. ಏನು ಹೇಳಲಿ?
— ಓದುಗರೊಬ್ಬರು, ರಾಣೆಬೆನ್ನೂರು

ತಮ್ಮನ ಮಾತಿನಲ್ಲಿ ಅರ್ಧವನ್ನು ಮೊದಲು ಒಪ್ಪಿಕೊಳ್ಳಿ. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ಹೇಳಿ ಅಮೆರಿಕದ ಅಧ್ಯಕ್ಷ ಬುಷ್, ಬ್ರಿಟನ್ ಪ್ರಧಾನಿ ಬ್ಲೇರ್ 2003ರಲ್ಲಿ ಇರಾಕಿನ ಮೇಲೆ ಯುದ್ಧ ಹೂಡಿದರು. ಅಮೆರಿಕವೇ ನೇಮಿಸಿದ ಶೋಧ ತಂಡ ಮರುವರ್ಷ ಅಂಥ ದಾಸ್ತಾನು ಇರಲಿಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಒಂದು ದೇಶ ಹಾಳಾಗಿತ್ತು. ಬುಷ್ ಆಗಲಿ ಬ್ಲೇರ್ ಆಗಲಿ ಅದಕ್ಕಾಗಿ ಕಟಕಟೆ ಹತ್ತಲಿಲ್ಲ. ಮಗನನ್ನು ಕಳೆದುಕೊಂಡ ಬಾಗ್ದಾದಿನ ತಾಯಿಗೆ, ಬಾಂಬು ಹಾಕಿಸಿದವನು ಚುನಾವಣೆ ಗೆದ್ದು ಬಂದವನು ಎಂಬುದರಿಂದ ಯಾವ ಸಮಾಧಾನವೂ ಇಲ್ಲ.

ಉಳಿದರ್ಧಕ್ಕೆ ಬನ್ನಿ. ಅಪಾಯವನ್ನು ಅಳೆಯಲು ನಾಯಕ ಎಷ್ಟು ಕೆಟ್ಟವನು ಎಂದು ಕೇಳಿದರೆ ವಾದ ಮುಗಿಯುವುದೇ ಇಲ್ಲ. ಅವನ ಮುಖಕ್ಕೇ ‘ಬೇಡ’ ಎನ್ನಬಲ್ಲವರು ಯಾರಿದ್ದಾರೆ, ಹಾಗೆ ಅಂದವರ ಗತಿ ಏನಾಗುತ್ತದೆ ಎಂದು ಕೇಳಿ. ಇದಕ್ಕೆ ಎರಡು ಸಭೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

ಮೊದಲನೆಯದು ಲಂಡನ್ನಿನಲ್ಲಿ, 2003ರ ಮಾರ್ಚ್ 17ರ ರಾತ್ರಿ. ಬ್ಲೇರ್ ಸಂಪುಟದ ಹಿರಿಯ ಸಚಿವ, ಹಿಂದೆ ವಿದೇಶಾಂಗ ಖಾತೆಯನ್ನೂ ನೋಡಿಕೊಂಡಿದ್ದ ರಾಬಿನ್ ಕುಕ್ ರಾಜೀನಾಮೆ ಕೊಟ್ಟು, ಸಂಸತ್ತಿನ ಕೆಳಮನೆಯಾದ ಕಾಮನ್ಸ್‌ನ ಹಿಂದಿನ ಸಾಲಿನಲ್ಲಿ ನಿಂತು ಮಾತಾಡಿದರು. ಜನ ಸಾಮಾನ್ಯವಾಗಿ ತಿಳಿಯುವ ಅರ್ಥದಲ್ಲಿ ಇರಾಕಿನ ಬಳಿ ಅಂಥ ಅಸ್ತ್ರ ಬಹುಶಃ ಇಲ್ಲ ಎಂದು ಪ್ರಧಾನಿಯ ಪಕ್ಷದವರ ನಡುವೆಯೇ ಹೇಳಿದರು. ಕಾಮನ್ಸ್ ಸಭೆಯಲ್ಲಿ ಚಪ್ಪಾಳೆ ತಟ್ಟುವ ವಾಡಿಕೆ ಇಲ್ಲ. ಅಂದು ಸದಸ್ಯರು ಎದ್ದು ನಿಂತು ತಟ್ಟಿದರು. ಮರುದಿನ ಆಡಳಿತ ಪಕ್ಷದ 139 ಸದಸ್ಯರು ಸರ್ಕಾರದ ವಿರುದ್ಧದ ತಿದ್ದುಪಡಿಗೆ ಮತ ಹಾಕಿದರು. ಆದರೂ ಮುಖ್ಯ ನಿರ್ಣಯ 412–149ರಲ್ಲಿ ಗೆದ್ದಿತು, ಯುದ್ಧವೂ ನಡೆಯಿತು. ಕಡಿವಾಣವಿತ್ತು, ಹಿಡಿಯಲಿಲ್ಲ.

ಎರಡನೆಯದು ಕ್ರೆಮ್ಲಿನ್ನಿನಲ್ಲಿ, 2022ರ ಫೆಬ್ರವರಿ 21ರಂದು. ದೊಡ್ಡ ಸಭಾಂಗಣದಲ್ಲಿ ಪುಟಿನ್ ಒಂದು ಮೇಜಿನ ಹಿಂದೆ ಒಬ್ಬರೇ. ಭದ್ರತಾ ಮಂಡಳಿಯವರು ಅಷ್ಟು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಒಬ್ಬೊಬ್ಬರನ್ನೇ ಎದ್ದು ಬರಲು ಹೇಳಿ, ಪೂರ್ವ ಉಕ್ರೇನಿನ ಎರಡು ಪ್ರದೇಶಗಳನ್ನು ಸ್ವತಂತ್ರವೆಂದು ಮಾನ್ಯ ಮಾಡಬೇಕೇ ಎಂದು ಕೇಳಲಾಗುತ್ತಿದೆ. ವಿದೇಶಿ ಗುಪ್ತಚರ ಸಂಸ್ಥೆಯ ಮುಖ್ಯಸ್ಥ ಸೆರ್ಗೆಯ್ ನರಿಶ್ಕಿನ್, ಪಾಶ್ಚಾತ್ಯರಿಗೆ ಕೊನೆಯ ಅವಕಾಶ ಕೊಟ್ಟು ನೋಡಬಹುದು ಎಂಬರ್ಥದಲ್ಲಿ ಶುರು ಮಾಡಿದರು. ಪುಟಿನ್ ನಡುವೆಯೇ ತಡೆದು, ನೇರವಾಗಿ ಹೇಳಿ ಎಂದರು. ಆ ಮನುಷ್ಯ ತೊದಲಿದರು. ಗಾಬರಿಯಲ್ಲಿ, ಆ ಪ್ರದೇಶಗಳನ್ನು ರಷ್ಯಾಕ್ಕೆ ಸೇರಿಸಿಕೊಳ್ಳುವುದನ್ನು ಬೆಂಬಲಿಸುತ್ತೇನೆ ಎಂದುಬಿಟ್ಟರು. ನಾವು ಅದನ್ನು ಚರ್ಚಿಸುತ್ತಿಲ್ಲ ಎಂದು ಪುಟಿನ್ ತಿದ್ದಿದರು. ಇದೆಲ್ಲ ಟಿ.ವಿ.ಯಲ್ಲಿ ಪ್ರಸಾರವಾಯಿತು. ಮೂರನೇ ದಿನಕ್ಕೆ ಯುದ್ಧ. ದೇಶದ ಗುಪ್ತಚರ ಮುಖ್ಯಸ್ಥನೇ ಒಡೆಯನ ಮುಂದೆ ಹೀಗೆ ತೊದಲುವಾಗ, ಅವನ ಕೈಕೆಳಗಿನವರು ಕೆಟ್ಟ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸುತ್ತಾರೆಯೇ? ಕೀವ್ ಬೇಗ ಕೈಗೆ ಬರುತ್ತದೆ ಎಂಬ ತಪ್ಪು ಲೆಕ್ಕ ಹುಟ್ಟುವುದು ಇಂಥ ಸಭೆಗಳಲ್ಲೇ.

‘ಬೇಡ’ ಎಂದವರ ಗತಿಯನ್ನೂ ನೋಡಿ. ಕುಕ್ ಸಾಯುವವರೆಗೂ ಸಂಸದರಾಗಿಯೇ ಇದ್ದರು. ರಷ್ಯಾದಲ್ಲಿ ಯುದ್ಧ ಆರಂಭವಾಗಿ ಎಂಟೇ ದಿನಕ್ಕೆ, ಮಾರ್ಚ್ 4ರಂದು, ಸೇನೆಯ ಬಗ್ಗೆ ‘ಸುಳ್ಳು ಮಾಹಿತಿ’ ಹರಡಿದರೆ 15 ವರ್ಷದವರೆಗೆ ಜೈಲು ಎಂಬ ಕಾನೂನು ಬಂತು. ಅದೇ ತಿಂಗಳು ಮಾಸ್ಕೋದ ಒಂದು ವಾರ್ಡ್ ಮಟ್ಟದ ಸಭೆಯಲ್ಲಿ ಮಕ್ಕಳ ಚಿತ್ರಕಲಾ ಸ್ಪರ್ಧೆಯ ವಿಷಯ ಬಂದಾಗ ಸದಸ್ಯ ಅಲೆಕ್ಸೆಯ್ ಗೊರಿನೊವ್, ಉಕ್ರೇನಿನಲ್ಲಿ ಮಕ್ಕಳು ಸಾಯುತ್ತಿರುವಾಗ ಇದೇನು ಸ್ಪರ್ಧೆ ಎಂದು ಕೇಳಿದರು. ಜುಲೈನಲ್ಲಿ ಅವರಿಗೆ 7 ವರ್ಷ ಶಿಕ್ಷೆಯಾಯಿತು. ‘ಈ ಯುದ್ಧ ನಿಮಗೆ ಇನ್ನೂ ಬೇಕೇ?’ ಎಂದು ಬರೆದ ಹಾಳೆಯನ್ನು ಅವರು ಕಟಕಟೆಯಲ್ಲೇ ಎತ್ತಿ ಹಿಡಿದರು.

ಬ್ರಿಟನ್, ಅಮೆರಿಕಗಳಲ್ಲಿ ಬುದ್ಧಿ ಬಂದದ್ದು ತಡವಾಗಿ. 2006ರ ನವೆಂಬರಿನಲ್ಲಿ ಬುಷ್ ಪಕ್ಷ ಸಂಸತ್ತಿನ ಎರಡೂ ಸದನಗಳಲ್ಲಿ ಬಹುಮತ ಕಳೆದುಕೊಂಡಿತು; ರಕ್ಷಣಾ ಮಂತ್ರಿ ರಮ್ಸ್‌ಫೆಲ್ಡ್ ನಿರ್ಗಮನ ಮತದಾನದ ಮರುದಿನವೇ ಪ್ರಕಟವಾಯಿತು. ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆಯ 12 ಸಂಪುಟಗಳ ವರದಿ 2016ರಲ್ಲಿ ಬಂತು. ಇರಾಕಿಗಳಿಗೆ ಇದರಿಂದ ಏನೂ ಸಿಗಲಿಲ್ಲ. ಆದರೆ 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಗೆ ಪ್ರಧಾನಿ ಕ್ಯಾಮರಾನ್ ಒಪ್ಪಿಗೆ ಕೇಳಿದಾಗ ಅದೇ ಸದನ 285–272ರಲ್ಲಿ ‘ಬೇಡ’ ಎಂದಿತು. ಪ್ರಧಾನಿ ತಲೆಬಾಗಿದರು. ತಮ್ಮನಿಗೆ ಈ ಎರಡು ಮತದಾನಗಳ ಅಂಕಿಗಳನ್ನು ತೋರಿಸಿ.

ಚರ್ಚಿಲ್ ಪ್ರಜಾಪ್ರಭುತ್ವದ ನಾಯಕನೇ ಅಲ್ಲವೇ? ಬಂಗಾಳದ ಬರಗಾಲಕ್ಕೆ ನೀವು ಏನು ಹೇಳುತ್ತೀರಿ?
— ಓದುಗರೊಬ್ಬರು, ಧಾರವಾಡ

ಇದಕ್ಕೆ ಸುತ್ತುಬಳಸಿ ಉತ್ತರಿಸುವುದು ಅಪ್ರಾಮಾಣಿಕ. 1943ರಲ್ಲಿ ಬಂಗಾಳದಲ್ಲಿ ಸತ್ತವರು ಸುಮಾರು 30 ಲಕ್ಷ ಎಂಬುದು ಇಂದು ಹೆಚ್ಚಿನವರು ಒಪ್ಪುವ ಅಂದಾಜು. ಜಪಾನೀಯರ ಕೈಗೆ ಸಿಗಬಾರದೆಂದು ಹಿಂದಿನ ವರ್ಷವೇ ದೋಣಿಗಳನ್ನು ವಶಪಡಿಸಿಕೊಂಡಿದ್ದರು, ಮುರಿದಿದ್ದರು. ಮೀನುಗಾರನ ಅನ್ನವೂ ಅಕ್ಕಿಯ ಸಾಗಾಟವೂ ಅಲ್ಲಿಗೇ ನಿಂತವು. ಅಕ್ಟೋಬರಿನ ಚಂಡಮಾರುತ ಬೆಳೆ ನುಂಗಿತು, ಬೆಲೆ ಆಕಾಶಕ್ಕೇರಿತು. ಧಾನ್ಯಕ್ಕಾಗಿ ದೆಹಲಿಯಿಂದ ಹೋದ ಕೋರಿಕೆಗಳಲ್ಲಿ ಹೆಚ್ಚಿನವನ್ನು, ಹಡಗಿಲ್ಲ ಎಂದು ಲಂಡನ್ನಿನಲ್ಲಿ ಪ್ರಧಾನಿ ಚರ್ಚಿಲ್ಲರ ಯುದ್ಧ ಸಂಪುಟ ತಳ್ಳಿಹಾಕಿತು.

ಆ ಸಂಪುಟವನ್ನು ಇಳಿಸುವ ಮತ ಬಂಗಾಳದ ರೈತನ ಕೈಯಲ್ಲಿ ಇರಲಿಲ್ಲ. ಚರ್ಚಿಲ್ 1945ರಲ್ಲಿ ಸೋತರು ನಿಜ, ಬಂಗಾಳಕ್ಕಾಗಿ ಅಲ್ಲ. ಪ್ರಜಾಪ್ರಭುತ್ವದ ಕಡಿವಾಣ ಕಾಯುವುದು ಮತ ಇರುವವರನ್ನು. ಮತದ ಗಡಿಯಾಚೆ ಇರುವವರ ಪಾಲಿಗೆ ಅದೇ ನಾಯಕ ಸರ್ವಾಧಿಕಾರಿಯಷ್ಟೇ ಕ್ರೂರನಾಗಬಲ್ಲ. ಪಾಶ್ಚಾತ್ಯ ನಾಯಕರನ್ನು ಹೊಗಳುವವರು ಇದನ್ನು ಬಿಟ್ಟು ಹೇಳುತ್ತಾರೆ, ನಾವು ಬಿಡಬಾರದು.

ಆದರೂ ಒಂದು ಕಿಂಡಿ ಇತ್ತು. ಪತ್ರಿಕೆಗಳ ಮೇಲೆ ನಿರ್ಬಂಧವಿದ್ದರೂ ಕಲ್ಕತ್ತೆಯ ‘ದಿ ಸ್ಟೇಟ್ಸ್‌ಮನ್’ ಸಂಪಾದಕ ಇಯಾನ್ ಸ್ಟೀಫನ್ಸ್ 1943ರ ಆಗಸ್ಟಿನಲ್ಲಿ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೊ ಅಚ್ಚು ಹಾಕಿದರು. ಅದಾದ ಮೇಲೆ ಇಲ್ಲವೆನ್ನುವುದು ಸರ್ಕಾರಕ್ಕೆ ಕಷ್ಟವಾಯಿತು. ಚೀನಾದಲ್ಲಿ ಆ ಕಿಂಡಿಯೂ ಇರಲಿಲ್ಲ. ಉತ್ಪಾದನೆಯನ್ನು ದಿಢೀರನೆ ಏರಿಸಲು ಹೊರಟ ಮಾವೊನ ‘ಮಹಾ ಜಿಗಿತ’ದ ಕಾಲದಲ್ಲಿ ಕೆಳಗಿನ ಅಧಿಕಾರಿಗಳು ಹೆದರಿ ಬೆಳೆಯ ಲೆಕ್ಕವನ್ನು ಉಬ್ಬಿಸಿ ಬರೆದರು. ಆ ಸುಳ್ಳು ಲೆಕ್ಕದ ಮೇಲೆ ಲೆವಿ ವಸೂಲಿಯಾಯಿತು; ಕಣಜ ಬರಿದಾಯಿತು. 1959ರ ಜುಲೈನಲ್ಲಿ ಪಕ್ಷದ ನಾಯಕರ ಲುಶಾನ್ ಸಭೆಯ ಹೊತ್ತಿಗೆ ರಕ್ಷಣಾ ಮಂತ್ರಿ ಪೆಂಗ್ ದೆಹ್ವಾಯ್ ಈ ತಪ್ಪುಗಳ ಬಗ್ಗೆ ಮಾವೊಗೆ ಖಾಸಗಿ ಪತ್ರ ಬರೆದರು. ಮಾವೊ ಅದನ್ನು ಅಚ್ಚು ಹಾಕಿಸಿ ಸಭೆಗೆ ಹಂಚಿಸಿದರು. ಪೆಂಗ್ ಮಂತ್ರಿ ಪದವಿ ಕಳೆದುಕೊಂಡರು. ಆಮೇಲೆ ಪತ್ರ ಬರೆಯುವ ಧೈರ್ಯ ಯಾರಿಗಿರುತ್ತದೆ? ಬರ ಇನ್ನೂ ಎರಡು ವರ್ಷ ನಡೆಯಿತು. ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಇದೆ.

ಚುನಾವಣೆಯಲ್ಲಿ ಗೆದ್ದು ಬಂದವನೇ ಸರ್ವಾಧಿಕಾರಿಯಾಗುವುದು ಹೇಗೆ? ಮೊದಲ ಲಕ್ಷಣ ಯಾವುದು?
— ರಾಜ್ಯಶಾಸ್ತ್ರದ ವಿದ್ಯಾರ್ಥಿನಿ, ಮೈಸೂರು

ಒಂದೇ ರಾತ್ರಿಯಲ್ಲಿ ಆಗುವುದು ಅಪರೂಪ. ಒಂದೊಂದು ಹೆಜ್ಜೆಗೂ ಒಂದು ಕಾನೂನು, ಒಂದು ಸಮಜಾಯಿಷಿ ಇರುತ್ತದೆ. ರಷ್ಯಾವನ್ನೇ ತೆಗೆದುಕೊಳ್ಳಿ. ಪುಟಿನ್ನರನ್ನು ಗೊಂಬೆಯಾಟದಲ್ಲಿ ಅಣಕಿಸುತ್ತಿದ್ದ ಎನ್‌ಟಿವಿ ವಾಹಿನಿ, ಸಾಲದ ನೆಪದಲ್ಲಿ, 2001ರ ಏಪ್ರಿಲಿನಲ್ಲಿ ಸರ್ಕಾರದ ಹಿಡಿತದ ಅನಿಲ ಕಂಪನಿ ಗ್ಯಾಜ್‌ಪ್ರಾಂ ವಶವಾಯಿತು. 2003ರಲ್ಲಿ ವಿರೋಧ ಪಕ್ಷಗಳಿಗೆ ದುಡ್ಡು ಕೊಡುತ್ತಿದ್ದ ತೈಲ ಉದ್ಯಮಿ ಖೊದೊರ್ಕೊವ್ಸ್ಕಿ ಬಂಧನ. 2004ರಲ್ಲಿ, ಬೆಸ್ಲಾನ್ ಶಾಲೆಯ ಮೇಲಿನ ಉಗ್ರರ ದಾಳಿಯ ಬೆನ್ನಿಗೆ, ಪ್ರಾಂತ್ಯಗಳ ಗವರ್ನರುಗಳ ನೇರ ಚುನಾವಣೆ ರದ್ದು. 2008ರಲ್ಲಿ ಅಧ್ಯಕ್ಷರ ಅವಧಿ 4ರಿಂದ 6 ವರ್ಷಕ್ಕೆ. 2012ರಲ್ಲಿ, ವಿದೇಶಿ ಹಣ ಪಡೆಯುವ ಸಂಘಟನೆಗಳಿಗೆ ಹಣೆಪಟ್ಟಿ ಹಚ್ಚುವ ‘ವಿದೇಶಿ ಏಜೆಂಟ್’ ಕಾನೂನು. 2020ರಲ್ಲಿ ಹಳೆಯ ಅವಧಿಗಳನ್ನು ಲೆಕ್ಕದಿಂದ ಅಳಿಸಿ 2036ರವರೆಗೆ ದಾರಿ ಬಿಟ್ಟ ತಿದ್ದುಪಡಿ.

ಪಶ್ಚಿಮದಲ್ಲಿ ಇದು ನಡೆಯದು ಎಂದುಕೊಳ್ಳಬೇಡಿ. ಹಂಗೆರಿಯಲ್ಲಿ ಓರ್ಬಾನ್ 2010ರಲ್ಲಿ ಶೇ 53 ಮತ ಪಡೆದು ಮೂರನೇ ಎರಡರಷ್ಟು ಸ್ಥಾನ ಗೆದ್ದರು, ಹೊಸ ಸಂವಿಧಾನ ಬರೆಸಿದರು. ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು 70ರಿಂದ 62ಕ್ಕೆ ಇಳಿಸಿದರು. ಕೇಳಲು ಆಡಳಿತ ಸುಧಾರಣೆ. ಫಲವೇನೆಂದರೆ ಹಿರಿಯ ನ್ಯಾಯಾಧೀಶರೆಲ್ಲ ಒಟ್ಟಿಗೆ ಮನೆಗೆ, ಖಾಲಿ ಕುರ್ಚಿಗಳಿಗೆ ಹೊಸಬರು. ಯುರೋಪಿಯನ್ ನ್ಯಾಯಾಲಯ 2012ರ ನವೆಂಬರಿನಲ್ಲಿ ಇದು ಕಾನೂನುಬಾಹಿರ ಎಂದಿತು. ಕ್ಷೇತ್ರಗಳ ಗಡಿಯೂ ಬದಲಾಗಿತ್ತು. 2014ರಲ್ಲಿ ಸುಮಾರು ಶೇ 45 ಮತಕ್ಕೇ 199ರಲ್ಲಿ 133 ಸ್ಥಾನ ಬಂದವು.

ನೀವು ಕೇಳಿದ ಮೊದಲ ಲಕ್ಷಣ ನಮ್ಮ ಅಭಿಪ್ರಾಯದಲ್ಲಿ ಇದು: ತೀರ್ಪು ಹೇಳುವವರನ್ನೂ ಸುದ್ದಿ ಹೇಳುವವರನ್ನೂ ಬದಲಿಸುವ ನಿಯಮ, ಬೇರೆ ಯಾವುದೋ ಸಭ್ಯ ಹೆಸರಿನಲ್ಲಿ ಬರುವುದು. ಭಾಷಣದ ಗಡಸುತನವನ್ನು ನೋಡಬೇಡಿ. ನಿವೃತ್ತಿ ವಯಸ್ಸು, ನೇಮಕಾತಿ ಸಮಿತಿ, ಪ್ರಸಾರ ಪರವಾನಗಿ, ಸರ್ಕಾರಿ ಜಾಹೀರಾತು, ಇಂಥ ಒಣ ವಿಷಯಗಳನ್ನು ಗಮನಿಸಿ.

ನಮ್ಮಲ್ಲೂ ತುರ್ತುಪರಿಸ್ಥಿತಿ ಬಂದು ಹೋಯಿತು. ಅದು ಏಕೆ ರಷ್ಯಾದ ಹಾಗೆ ಖಾಯಂ ಆಗಲಿಲ್ಲ?
— ನಿವೃತ್ತ ಶಿಕ್ಷಕರು, ಬೆಂಗಳೂರು

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಸಹಿ ಹಾಕಿದರು. ಸಂಪುಟಕ್ಕೆ ತಿಳಿಸಿದ್ದು ಮರುದಿನ ಬೆಳಿಗ್ಗೆ. ಸಂಸದೀಯ ಸಮಿತಿಯ ಸಭೆಗೆಂದು ನಿಮ್ಮ ಊರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಇಲ್ಲೇ ಬಂಧನಕ್ಕೊಳಗಾದರು. ಅವರನ್ನು ಇಟ್ಟಿದ್ದ ಕೇಂದ್ರ ಕಾರಾಗೃಹವೇ ಈಗಿನ ಫ್ರೀಡಂ ಪಾರ್ಕ್. ಅದೇ ಜೈಲಿನಲ್ಲಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿ ಅಸ್ತಮಾದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಏಕೆ ಖಾಯಂ ಆಗಲಿಲ್ಲ ಎಂಬುದಕ್ಕೆ ಒಂದೇ ಕಾರಣವಿಲ್ಲ. ಇಂದಿರಾ ಗಾಂಧಿ 1977ರ ಜನವರಿಯಲ್ಲಿ ಚುನಾವಣೆ ಘೋಷಿಸಿದರು. ಬಾಯಿ ಕಟ್ಟಿದ ಪತ್ರಿಕೆಗಳಿಂದ ಜನರ ಮನಸ್ಸು ಅವರಿಗೆ ತಿಳಿಯಲಿಲ್ಲ, ಗೆಲ್ಲುತ್ತೇನೆಂದೇ ನಂಬಿದ್ದರು ಎಂಬ ವಿವರಣೆ ನಮಗೆ ಸರಿ ಕಾಣುತ್ತದೆ. ಸೋತ ಮೇಲೆ ಅವರು ಇಳಿದರು, ಇದನ್ನೂ ಹೇಳಬೇಕು. (ಕರ್ನಾಟಕ ಮಾತ್ರ ಆ ಚುನಾವಣೆಯಲ್ಲೂ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು.)

ಮುಖ್ಯವಾದದ್ದು ಆಮೇಲಿನ ರಿಪೇರಿ. 1978ರ 44ನೇ ತಿದ್ದುಪಡಿ ‘ಆಂತರಿಕ ಗಲಭೆ’ ಎಂಬ ಸಡಿಲ ಕಾರಣವನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು. ಸಂಪುಟದ ತೀರ್ಮಾನ ಲಿಖಿತವಾಗಿ ಬಂದರೆ ಮಾತ್ರ ರಾಷ್ಟ್ರಪತಿ ಸಹಿ ಹಾಕಬಹುದು. ಸಂಸತ್ತು ಒಂದು ತಿಂಗಳೊಳಗೆ ವಿಶೇಷ ಬಹುಮತದಿಂದ ಒಪ್ಪಬೇಕು, ಆರು ತಿಂಗಳಿಗೊಮ್ಮೆ ಮತ್ತೆ ಒಪ್ಪಬೇಕು. ಜೀವಿಸುವ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತಿಡುವಂತಿಲ್ಲ. 1976ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಈ ಮಾತು ಹೇಳಿ, ಮುಖ್ಯ ನ್ಯಾಯಮೂರ್ತಿ ಹುದ್ದೆ ಕಳೆದುಕೊಂಡಿದ್ದರು.

ಅಣುಬಾಂಬಿನ ವಿಷಯದಲ್ಲಾದರೂ ಅಮೆರಿಕದ ಅಧ್ಯಕ್ಷರಿಗೆ ಕಡಿವಾಣ ಇದೆಯೇ?
— ಓದುಗರೊಬ್ಬರು, ಕಾಸರಗೋಡು

ಇಲ್ಲವೆನ್ನುವಷ್ಟು ಕಡಿಮೆ. ಆಜ್ಞೆ ಕೊಡುವ ಅಧಿಕಾರ ಅಧ್ಯಕ್ಷರೊಬ್ಬರದೇ. ಸಂಸತ್ತು, ಉಪಾಧ್ಯಕ್ಷ, ರಕ್ಷಣಾ ಮಂತ್ರಿ ಯಾರ ಒಪ್ಪಿಗೆಯೂ ಕಾನೂನಿನ ಪ್ರಕಾರ ಬೇಕಿಲ್ಲ. ಜೇಬಿನ ಕಾರ್ಡಿನಲ್ಲಿರುವ ಸಂಕೇತ ನೋಡಿ, ಮಾತಾಡುತ್ತಿರುವವರು ಅಧ್ಯಕ್ಷರೇ ಹೌದೇ ಎಂದು ಸೇನೆ ಖಚಿತ ಮಾಡಿಕೊಳ್ಳುತ್ತದೆ. ಆಜ್ಞೆ ಸರಿಯೇ ಎಂದು ಮತ ಹಾಕುವುದಿಲ್ಲ. ರಷ್ಯಾದಿಂದ ಹೊರಟ ಖಂಡಾಂತರ ಕ್ಷಿಪಣಿ ಮುಟ್ಟಲು ಸುಮಾರು 30 ನಿಮಿಷ, ಚರ್ಚೆಗೆ ಸಮಯವಿಲ್ಲ ಎಂಬುದು ಇದಕ್ಕೆ ಕೊಡುವ ಕಾರಣ. ಮೊದಲ ದಾಳಿಗೂ ಅದೇ ನಿಯಮ ಏಕೆ ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಇಲ್ಲ.

ಸಾಮಾನ್ಯ ಯುದ್ಧದಲ್ಲೂ ಹಗ್ಗ ಸಡಿಲವಾಗಿದೆ. ಅಮೆರಿಕದ ಸಂಸತ್ತು ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರಲ್ಲಿ ಕೊನೆ. ಸೇನೆ ಕಳಿಸಿದರೆ 48 ಗಂಟೆಯೊಳಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು ಎಂದು 1973ರ ಕಾನೂನು ಹೇಳುತ್ತದೆ. 2011ರಲ್ಲಿ ಲಿಬಿಯಾ ವಿಷಯದಲ್ಲಿ 60 ದಿನ ಮೀರಿದಾಗ ಒಬಾಮಾ ಸರ್ಕಾರ, ಇದು ಆ ಕಾನೂನು ಹೇಳುವ ‘ಕಾದಾಟ’ವೇ ಅಲ್ಲ ಎಂದು ವಾದಿಸಿತು. ಆಕಾಶದಿಂದ ಬಾಂಬು ಬೀಳುತ್ತಲೇ ಇತ್ತು.

ಗಟ್ಟಿ ನಾಯಕ ಒಬ್ಬನಿದ್ದರೆ ಕೆಲಸ ಬೇಗ ಆಗುತ್ತದೆ. ಕೊರೊನಾದಲ್ಲಿ ಚೀನಾ ತೋರಿಸಲಿಲ್ಲವೇ?
— ಓದುಗರೊಬ್ಬರು, ತುಮಕೂರು

ಊರು ಮುಚ್ಚಿಸುವ ಕೆಲಸ ಬೇಗ ಆಯಿತು, ನಿಜ. ಅಮೆರಿಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತದ್ದೂ ನಿಜ. ಅಲ್ಲಿನ ಅಧ್ಯಕ್ಷರು ರೋಗವನ್ನು ಹಗುರವಾಗಿ ಕಂಡರು. ಆದರೆ 2020ರ ಫೆಬ್ರವರಿ 25ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಧಿಕಾರಿ ನ್ಯಾನ್ಸಿ ಮೆಸೊನಿಯರ್, ರೋಗ ಇಲ್ಲೂ ಹರಡಲಿದೆ, ಸಿದ್ಧರಾಗಿ ಎಂದು ಪತ್ರಕರ್ತರಿಗೆ ಬಹಿರಂಗವಾಗಿ ಹೇಳಿದರು. ಅಧ್ಯಕ್ಷರಿಗೆ ಸಿಟ್ಟು ಬಂತು, ಆದರೆ ಮಾತು ಜನರಿಗೆ ತಲುಪಿಯಾಗಿತ್ತು.

ಉಹಾನಿನಲ್ಲಿ ಮೊದಲ ವಾರಗಳಲ್ಲಿ ಏನಾಯಿತು? 2019ರ ಡಿಸೆಂಬರ್ 30ರಂದು ಕಣ್ಣಿನ ವೈದ್ಯ ಲೀ ವೆನ್‌ಲಿಯಾಂಗ್ ಸಹಪಾಠಿಗಳ ಗುಂಪಿಗೆ, ಸಾರ್ಸ್‌ನಂಥ ರೋಗ ಕಾಣಿಸಿದೆ, ಎಚ್ಚರ ಎಂದು ಸಂದೇಶ ಕಳಿಸಿದರು. ಜನವರಿ 3ರಂದು ಪೊಲೀಸರು ಠಾಣೆಗೆ ಕರೆಸಿ, ಸುಳ್ಳು ಹರಡಿದ್ದೀರಿ ಎಂಬ ಮುಚ್ಚಳಿಕೆ ಮುಂದಿಟ್ಟರು. ಇನ್ನು ಮುಂದೆ ಇಂಥದ್ದನ್ನು ನಿಲ್ಲಿಸಬಲ್ಲಿರಾ ಎಂಬ ಪ್ರಶ್ನೆಯ ಕೆಳಗೆ ‘ಆಗುತ್ತದೆ’ ಎಂದೂ, ತಿಳಿಯಿತೇ ಎಂಬುದರ ಕೆಳಗೆ ‘ತಿಳಿಯಿತು’ ಎಂದೂ ಅವರ ಕೈಬರಹವಿದೆ, ಮೇಲೆ ಕೆಂಪು ಹೆಬ್ಬೆಟ್ಟು. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುತ್ತದೆ ಎಂದು ಚೀನಾ ಬಹಿರಂಗವಾಗಿ ಒಪ್ಪಿಕೊಂಡದ್ದು ಜನವರಿ 20ರಂದು. ನಡುವಿನ ಆ ದಿನಗಳಲ್ಲಿ ಎಲ್ಲೆಡೆಯ ರೈಲು, ವಿಮಾನಗಳು ತುಂಬಿಕೊಂಡೇ ಓಡುತ್ತಿದ್ದವು. ಫೆಬ್ರವರಿ 7ರಂದು ಲೀ ಅದೇ ರೋಗದಿಂದ ತೀರಿಕೊಂಡರು, 33ನೇ ವಯಸ್ಸಿನಲ್ಲಿ. ಪೊಲೀಸರು ಆ ಮುಚ್ಚಳಿಕೆಯನ್ನು ಹಿಂದಕ್ಕೆ ಪಡೆದು ಮನೆಯವರ ಕ್ಷಮೆ ಕೇಳಿದ್ದು ಮಾರ್ಚ್ 19ರಂದು.