ಕಾಪು ಲೈಟ್‌ಹೌಸ್ ಜಲವರ್ಣದಲ್ಲಿ: ಪಟ್ಟೆ ಚಪ್ಪಟೆಯಾಗುವುದಕ್ಕೆ, ಬಿಳಿ ಮಾಸುವುದಕ್ಕೆ ಉತ್ತರ

ನಮಸ್ಕಾರ. ಉಡುಪಿ ಜಿಲ್ಲೆಯ ಕಾಪು ಲೈಟ್‌ಹೌಸ್ ಬಿಡಿಸಿದ ನಿಮ್ಮ ಚಿತ್ರದಲ್ಲಿ ಗೋಪುರ ವಾಲಿದಂತಿದೆ, ಕಪ್ಪು-ಬಿಳಿ ಪಟ್ಟೆ ಅಂಟಿಸಿದ ಹಾಗೆ ಕಾಣುತ್ತದೆ, ಬಿಳಿ ಮಾಸಿಹೋಗಿದೆ ಎಂದು ಕೇಳಿದ್ದೀರಿ. ಮೂರೂ ಸರಿಹೋಗುವಂಥವೇ.

ಮೊದಲು ಜಾಗ. ನವೆಂಬರ್‌ನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ 7.30ರಿಂದ 9.30, ಗೋಪುರದ ದಕ್ಷಿಣಕ್ಕೆ ಮರಳಿನ ಮೇಲೆ ಕೂತು ಉತ್ತರಕ್ಕೆ ನೋಡಿ. ಬಲಗಡೆ ಬಿಸಿಲು, ಎಡಗಡೆ ಸುಮಾರು ಕಾಲು ಭಾಗ ನೆರಳು ಸಿಗುತ್ತದೆ. ಸಂಜೆ ಪೂರ್ವದಿಂದ ನೋಡಿದರೆ ಸೂರ್ಯ ಗೋಪುರದ ಹಿಂದಿರುತ್ತಾನೆ, ಪಟ್ಟೆಗಳೇ ಅಳಿಸಿಹೋಗುತ್ತವೆ.

1901ರ ಈ ಗೋಪುರ ಸುಮಾರು 27 ಮೀಟರ್ ಎತ್ತರ, ಅದೂ ಬಂಡೆಯ ಮೇಲೆ. ಮರಳಲ್ಲಿ ಕೂತಾಗ ಕಡಲು ಆಕಾಶ ಕೂಡುವ ಗೆರೆ ನಿಮ್ಮ ಕಣ್ಣಿನ ಮಟ್ಟಕ್ಕಿರುತ್ತದೆ, ಗೋಪುರದ ಬುಡ ಅದಕ್ಕಿಂತ ಮೇಲೆ. ಹಾಗಾಗಿ ಪ್ರತಿ ಪಟ್ಟೆಯ ಅಂಚೂ ಕಮಾನಿನಂತೆ ನಡುವೆ ಉಬ್ಬಬೇಕು, ಮೇಲೆ ಹೋದಷ್ಟೂ ಬಾಗು ಹೆಚ್ಚಬೇಕು. ನೇರ ಗೆರೆ ಎಳೆದಲ್ಲೇ ಅದು ಚಪ್ಪಟೆಯಾಗುವುದು. ವಾಲದಿರಲು ಮೊದಲು ನಡುಗೆರೆ ಎಳೆದು, ಬುಡದ ಮತ್ತು ತುದಿಯ ಅಗಲವನ್ನು ಅದರ ಎರಡೂ ಬದಿಗೆ ಸಮವಾಗಿ ಅಳೆದುಕೊಳ್ಳಿ. 28×38 ಸೆಂ.ಮೀ. ಕಾಗದ ಉದ್ದಕ್ಕೆ ಹಿಡಿದರೆ ಗೋಪುರ 16 ಸೆಂ.ಮೀ. ಸಾಕು, ಬಂಡೆಗೂ ಜಾಗ ಬೇಕಲ್ಲ.

ಬಿಳಿ ಮಾಸುವುದು ಬಣ್ಣ ಹಾಕುವ ಕ್ರಮದಿಂದ. ಗೋಪುರದ ಜಾಗವನ್ನು ಖಾಲಿ ಬಿಟ್ಟು ಅದರ ಸುತ್ತ ಆಕಾಶ ಬಳಿಯಿರಿ. ಒಣಗಿದ ಮೇಲೆ ಅಲ್ಟ್ರಾಮರೀನ್ ನೀಲಿಗೆ ತುಸು ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು) ಸೇರಿಸಿದ ತೆಳು ನೀರಿನಿಂದ ನೆರಳನ್ನು ತುದಿಯಿಂದ ಬುಡದವರೆಗೆ ಒಂದೇ ಎಳೆತದಲ್ಲಿ ಹಾಕಿ, ಬಿಸಿಲಿನ ಕಡೆಯ ಅಂಚನ್ನು ಒದ್ದೆ ಬ್ರಷ್‌ನಿಂದ ಮೃದು ಮಾಡಿ. ಅದು ಪೂರ್ತಿ ಒಣಗಿದ ಮೇಲಷ್ಟೇ ಕಪ್ಪು ಪಟ್ಟೆ. ಅದಕ್ಕೂ ಅದೇ ಎರಡು ಬಣ್ಣ, ಗಟ್ಟಿಯಾಗಿ. ಟ್ಯೂಬಿನ ಕಪ್ಪು ಸತ್ತಂತೆ ಕಾಣುತ್ತದೆ. ನೆರಳಿನ ಬಿಳಿ ಬಿಸಿಲಿನ ಕಪ್ಪಿಗಿಂತ ತಿಳಿಯಾಗಿಯೇ ಇರಲಿ, ಇಲ್ಲಿ ಹೆಚ್ಚಿನವರು ಎಡವುತ್ತಾರೆ.

ಕರಾವಳಿಯ ತೇವದಲ್ಲಿ ಕಾಗದ ಬೇಗ ಒಣಗುವುದಿಲ್ಲ. ಬೆರಳಿನ ಹಿಂಬದಿ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ಒದ್ದೆ. ಆ ಹೊತ್ತಿಗೆ ಬಂಡೆ ಬರೆಯಿರಿ. ಬಿಳಿ ಉಳಿಸಲು ಹಚ್ಚಿ ಆಮೇಲೆ ಕೀಳುವ ಮಾಸ್ಕಿಂಗ್ ದ್ರವ ಬೇಡ, ಬಿಸಿಲಿಗೆ ಅಂಟಿಕೊಂಡು ಕಾಗದವನ್ನೇ ಕಿತ್ತುಬಿಡುತ್ತದೆ. 300 ಜಿಎಸ್‌ಎಂನ (ಚದರ ಮೀಟರ್‌ಗೆ 300 ಗ್ರಾಂ ತೂಗುವ) ದಪ್ಪ ಹತ್ತಿ ಕಾಗದ, ಗಾಳಿಗೆ ನಾಲ್ಕು ಕ್ಲಿಪ್, ಮನೆಯಿಂದ ಒಂದು ಲೀಟರ್ ಸಿಹಿನೀರು. ಸಮುದ್ರದ ನೀರು ಬಳಸಬೇಡಿ: ಉಪ್ಪು ಉಳಿದು ಚಿತ್ರ ಮತ್ತೆ ಮತ್ತೆ ತೇವ ಹೀರುತ್ತದೆ.

ಕಾಗದವನ್ನು ನೆರಳಲ್ಲಿಡಿ. ಬಿಸಿಲಲ್ಲಿ ಅದು ಹೊಳೆಯುವುದರಿಂದ ಕೈ ತಾನಾಗಿ ಗಾಢ ಬಣ್ಣಕ್ಕೆ ಹೋಗುತ್ತದೆ, ಮನೆಗೆ ತಂದರೆ ಚಿತ್ರ ಮಂಕು. ಬಣ್ಣದ ಕೊಡೆಯೂ ಬೇಡ, ಅದರ ಛಾಯೆ ಕಾಗದಕ್ಕೆ ಬೀಳುತ್ತದೆ. ಬಂಡೆ ಹತ್ತುವುದಾದರೆ ಪಾಚಿ ಜಾರುತ್ತದೆ, ಭರತದ (ಕಡಲು ಉಕ್ಕುವ) ಹೊತ್ತು ಮೊದಲೇ ನೋಡಿಕೊಳ್ಳಿ.