ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೋ: ಸಂಸಾರ ಸಮೇತ ಬರುವವರಿಗೆ ಒಂದು ಉತ್ತರ

ನ್ಯೂಯಾರ್ಕಿನಲ್ಲೊಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲೊಂದು ಕೆಲಸ ಸಿಕ್ಕಿದೆ, ಸಂಬಳ ಹೆಚ್ಚುಕಡಿಮೆ ಒಂದೇ, ಪತ್ನಿ ಮತ್ತು ಎರಡು ವರ್ಷದ ಮಗಳೊಂದಿಗೆ ನೆಲೆಸಲು ಯಾವ ಊರು ಮೇಲು ಎಂದು ಕೇಳಿದ್ದೀರಿ. ನಾನು ಮೊದಲ ಏಳು ವರ್ಷ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿದ್ದು, ಕಳೆದ ಹನ್ನೊಂದು ವರ್ಷಗಳಿಂದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವ ದಡದ ಫ್ರೀಮಾಂಟ್‌ನಲ್ಲಿದ್ದೇನೆ. ಬಾಡಿಗೆ, ತೆರಿಗೆ, ಹವೆಗಳನ್ನು ತೂಗಿ ನೋಡುವ ಮೊದಲು ನೀವು ಒಂದು ಮಾತನ್ನು ಯೋಚಿಸಬೇಕು: ಬೆಳಿಗ್ಗೆ ನೀವು ಕಚೇರಿಗೆ ಹೊರಟ ಮೇಲೆ ನಿಮ್ಮ ಪತ್ನಿ ಮಗುವನ್ನು ಕರೆದುಕೊಂಡು, ಯಾರನ್ನೂ ಕಾಯದೆ, ಎಲ್ಲಿಗೆ ಹೋಗಿ ಬರಬಲ್ಲರು?

ಅವರಿಗೆ ಕಾರು ಓಡಿಸಲು ಬರುವುದಿಲ್ಲವೆಂದು ನೀವೇ ಬರೆದಿದ್ದೀರಿ. ನೀವು ಉದ್ಯೋಗದ ಎಚ್-1ಬಿ ವೀಸಾದಲ್ಲಿ, ಅವರು ನಿಮ್ಮ ಅವಲಂಬಿತರಾಗಿ ಎಚ್-4 ವೀಸಾದಲ್ಲಿ ಬರುವುದರಿಂದ, ನಿಮ್ಮ ಗ್ರೀನ್ ಕಾರ್ಡಿನ (ಕಾಯಂ ವಾಸದ ಅನುಮತಿಯ) ದಾರಿಯಲ್ಲಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗುವವರೆಗೆ ಅವರಿಗೆ ಕೆಲಸದ ಅನುಮತಿಯೂ ಸಾಮಾನ್ಯವಾಗಿ ದೊರೆಯುವುದಿಲ್ಲ. ಹಾಗಾಗಿ ಮೊದಲ ಕೆಲವು ವರ್ಷ ಆ ಊರಿನ ಹಗಲನ್ನೆಲ್ಲ ಕಳೆಯಬೇಕಾದವರು ಅವರೇ.

ನಾವು ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿ, ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ ಇದ್ದೆವು. 1977ರಲ್ಲಿ ಪ್ರತಿಷ್ಠಾಪನೆಯಾದ ಆ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ಸಿಗುತ್ತದೆ. ನನ್ನ ಪತ್ನಿ ಅಮೆರಿಕಕ್ಕೆ ಬಂದ ನಾಲ್ಕನೆಯ ದಿನ ಮಗನನ್ನು ಕರೆದುಕೊಂಡು ತಾವೊಬ್ಬರೇ ಅಲ್ಲಿಗೆ ಹೋಗಿ, ಊಟ ಮಾಡಿ, ದಾರಿಯಲ್ಲಿ ತರಕಾರಿ ಕೊಂಡು ಮನೆಗೆ ಬಂದಿದ್ದರು. ಆ ಸಂಜೆ ಅವರ ಮುಖದಲ್ಲಿದ್ದ ನೆಮ್ಮದಿ ನನಗೆ ಇಂದಿಗೂ ನೆನಪಿದೆ. 1904ರಲ್ಲಿ ಆರಂಭವಾದ ನ್ಯೂಯಾರ್ಕಿನ ಸಬ್‌ವೇಗೆ 472 ಸ್ಟೇಷನ್‌ಗಳಿದ್ದು, ರೈಲು ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ; ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯ ನಮ್ಮವರ ಅಂಗಡಿಗಳಿಗೂ, ಆಸ್ಪತ್ರೆಗೂ, ಗ್ರಂಥಾಲಯಕ್ಕೂ ಕಾರಿನ ಹಂಗಿಲ್ಲ. ಕಷ್ಟವಿರುವುದು ಮೆಟ್ಟಿಲುಗಳಲ್ಲಿ. ಅರ್ಧಕ್ಕಿಂತ ಹೆಚ್ಚು ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲದ ಕಾರಣ ಮಗುವಿನ ತಳ್ಳುಗಾಡಿಯನ್ನು ಎತ್ತಿಕೊಂಡೇ ಇಳಿಯಬೇಕು; ಆದರೆ ನಾವು ಕೇಳುವ ಮೊದಲೇ ಯಾರಾದರೊಬ್ಬರು ಬಂದು ಗಾಡಿಯ ಇನ್ನೊಂದು ತುದಿಯನ್ನು ಹಿಡಿಯುತ್ತಿದ್ದರು.

ಫ್ರೀಮಾಂಟ್‌ಗೆ ಬಂದ ಮೇಲೆ ನಮ್ಮ ಸುತ್ತ ಕನ್ನಡದ ಮನೆಗಳು ಹೆಚ್ಚಾದವು, ಮನೆಯ ಮುಂದೆ ನಿಂಬೆ ಗಿಡವೂ ಬಂತು. ಆದರೆ ಏಳು ವರ್ಷ ತಮ್ಮ ಪಾಡಿಗೆ ತಾವು ಓಡಾಡಿಕೊಂಡಿದ್ದ ನನ್ನ ಪತ್ನಿ ಡ್ರೈವಿಂಗ್ ಲೈಸೆನ್ಸ್ ಸಿಗುವವರೆಗಿನ ಎಂಟು ತಿಂಗಳು ಹಾಲು ತರುವುದಕ್ಕೂ ನಾನು ಬರುವುದನ್ನು ಕಾಯಬೇಕಾಯಿತು. ಆ ಎಂಟು ತಿಂಗಳು ನಮ್ಮ ಸಂಸಾರದಲ್ಲಿ ಕಷ್ಟದ ದಿನಗಳಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಳಗೇ ಮನೆ ಮಾಡಿದರೆ ಈ ತೊಂದರೆ ಇಷ್ಟಿರುವುದಿಲ್ಲ; ಸುಮಾರು 120 ಚದರ ಕಿಲೋಮೀಟರಿನ ಆ ಪುಟ್ಟ ನಗರದಲ್ಲಿ ಬಸ್ಸು, ಟ್ರಾಮುಗಳು ಚೆನ್ನಾಗಿವೆ. ಆದರೆ ಮಾತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎನ್ನುವ ಎಷ್ಟೋ ಕೆಲಸಗಳು ನಿಜವಾಗಿ ಮೌಂಟನ್ ವ್ಯೂ, ಸ್ಯಾನ್ ಹೋಸೆಯಂತಹ ದಕ್ಷಿಣದ ಊರುಗಳಲ್ಲಿರುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಆ ಊರುಗಳಿಗೆ ಹೋಗುವ ಕ್ಯಾಲ್‌ಟ್ರೇನ್ 2024ರಲ್ಲಿ ವಿದ್ಯುತ್ ರೈಲಾದ ಮೇಲೆ ಆ ಪ್ರಯಾಣ ಹಗುರವಾಗಿದೆಯಾದರೂ, ಸ್ಟೇಷನ್ನಿನಿಂದ ಮನೆಗೆ ಮತ್ತೆ ಕಾರೇ ಬೇಕಾಗುತ್ತದೆ. ಆದ್ದರಿಂದ ಕಚೇರಿಯ ಪೂರ್ಣ ವಿಳಾಸವನ್ನು ಕೇಳಿ ತಿಳಿದುಕೊಳ್ಳದೆ ಸಹಿ ಮಾಡಬೇಡಿ.

ಹಣದ ವಿಷಯದಲ್ಲಿ ಎರಡೂ ದುಬಾರಿಯೇ. ನ್ಯೂಯಾರ್ಕ್ ನಗರವು ಕೇಂದ್ರ ಮತ್ತು ರಾಜ್ಯ ತೆರಿಗೆಗಳ ಜೊತೆಗೆ ತನ್ನದೇ ಆದಾಯ ತೆರಿಗೆಯಾಗಿ ಶೇಕಡಾ 3ರಿಂದ 4ರ ನಡುವೆ ಹಿಡಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಗರದ ಆದಾಯ ತೆರಿಗೆ ಇಲ್ಲ, ಆದರೆ ಕಾರು, ಅದರ ವಿಮೆ, ಪೆಟ್ರೋಲು ಸೇರಿದರೆ ಉಳಿದದ್ದು ಅಲ್ಲೇ ಕರಗುತ್ತದೆ. ನ್ಯೂಯಾರ್ಕಿನ ಮನೆ ಮಾಲೀಕರು ವಾರ್ಷಿಕ ಆದಾಯ ತಿಂಗಳ ಬಾಡಿಗೆಯ 40 ಪಟ್ಟು ಇರಬೇಕೆಂದು ಕೇಳುವುದು ವಾಡಿಕೆ. ಅಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆಯನ್ನು ಬೆಚ್ಚಗಿಡುವುದು ಮಾಲೀಕರ ಕಾನೂನುಬದ್ಧ ಹೊಣೆ. ನಮ್ಮ ಮೊದಲ ಮನೆಯಲ್ಲಿ ಡಿಸೆಂಬರಿನ ಚಳಿಯಲ್ಲಿ ಮೂರು ದಿನ ಹೀಟ್ ಬಾರದೆ ಇದ್ದಾಗ, ಹೊಸಬರೆಂಬ ಸಂಕೋಚದಿಂದ ನಾನು ಸುಮ್ಮನಿದ್ದೆ. ನಗರದ 311 ಸಂಖ್ಯೆಗೆ ದೂರು ಕೊಡಬಹುದೆಂದು ತಿಳಿದದ್ದು ಆಮೇಲೆ. ನೀವು ಹಾಗೆ ಸುಮ್ಮನಿರಬೇಡಿ.

ಹವೆಯಲ್ಲಿ ಕ್ಯಾಲಿಫೋರ್ನಿಯಾವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಜುಲೈ ತಿಂಗಳಲ್ಲೂ ಮಂಜು ಕವಿದು ಸ್ವೆಟರ್ ಬೇಕೆನಿಸುವುದು ಸ್ಯಾನ್ ಫ್ರಾನ್ಸಿಸ್ಕೋ ನಗರದಂತಹ ಕಡಲ ಬದಿಯ ಊರುಗಳಲ್ಲಿ. ನಮ್ಮ ಕಡೆ ಬಿಸಿಲಿರುತ್ತದೆ. ಆದರೆ 1906 ಮತ್ತು 1989ರ ಭೂಕಂಪಗಳನ್ನು ಕಂಡ ನೆಲವಿದು; ಬೀರು, ಪುಸ್ತಕದ ಕಪಾಟುಗಳನ್ನು ಗೋಡೆಗೆ ಬಿಗಿಸುವುದನ್ನು ಮೊದಲ ವಾರವೇ ಮಾಡಬೇಕು.

ಊರಿನಲ್ಲಿರುವ ತಂದೆ-ತಾಯಿಯರ ಮಟ್ಟಿಗೆ ಈ ಎರಡು ನಗರಗಳ ನಡುವಿನ ಮೂರು ಗಂಟೆಗಳ ಅಂತರ ಸಣ್ಣದಲ್ಲ. ಬೇಸಿಗೆಯಲ್ಲಿ ನ್ಯೂಯಾರ್ಕ್ ಭಾರತಕ್ಕಿಂತ ಒಂಬತ್ತೂವರೆ ಗಂಟೆ ಹಿಂದಿದ್ದರೆ ಇಲ್ಲಿ ಹನ್ನೆರಡೂವರೆ ಗಂಟೆ. ಅಲ್ಲಿ ಬೆಳಿಗ್ಗೆ ಹನ್ನೊಂದೂವರೆಯವರೆಗೂ ಅಜ್ಜ-ಅಜ್ಜಿ ಎಚ್ಚರವಾಗಿದ್ದು ಮೊಮ್ಮಗಳೊಡನೆ ಮಾತನಾಡಬಹುದು. ಇಲ್ಲಿ ಎಂಟೂವರೆಗೆಲ್ಲ ಅವರಿಗೆ ರಾತ್ರಿ ಒಂಬತ್ತು ಗಂಟೆ.

ಆದ್ದರಿಂದ ನೀವು ಮೊದಲು ನ್ಯೂಯಾರ್ಕಿಗೇ ಹೋಗಿ, ಕ್ವೀನ್ಸ್‌ನಲ್ಲಿ ಸಬ್‌ವೇ ಸ್ಟೇಷನ್ನಿಗೆ ಹತ್ತು ನಿಮಿಷದ ನಡಿಗೆಯೊಳಗೆ ಮನೆ ಹಿಡಿಯಿರಿ ಎಂಬುದು ನನ್ನ ಸಲಹೆ. ಮಗಳಿಗೆ ನಾಲ್ಕು ವರ್ಷ ತುಂಬುವ ವರ್ಷ ಅಲ್ಲಿನ ಸಾರ್ವಜನಿಕ ಪ್ರೀ-ಕೆ (ಶಾಲೆಗೆ ಮುಂಚಿನ) ತರಗತಿ ಶುಲ್ಕವಿಲ್ಲದೆ ದೊರೆಯುತ್ತದೆ. ಪಶ್ಚಿಮಕ್ಕೆ ಬರುವ ಯೋಚನೆಯನ್ನು ಅಷ್ಟರೊಳಗೆ ಪತ್ನಿ ಕಾರು ಕಲಿತ ಮೇಲೆ ಮಾಡಬಹುದು. ವಾರಕ್ಕೆ ಎಷ್ಟು ದಿನ ಕಚೇರಿಗೆ ಹೋಗಬೇಕು, ಕಚೇರಿ ಮ್ಯಾನ್‌ಹ್ಯಾಟನ್ನಿನ ಯಾವ ಭಾಗದಲ್ಲಿದೆ ಎಂಬುದನ್ನು ತಿಳಿಸಿದರೆ, ಯಾವ ರೈಲಿನ ದಾರಿಯಲ್ಲಿ ಮನೆ ಹುಡುಕುವುದು ಸೂಕ್ತವೆಂದು ವಿವರವಾಗಿ ಬರೆಯುತ್ತೇನೆ.