ಚಪ್ಪಲಿಗಳ ಚಿತ್ರವೊಂದನ್ನು ಇಟ್ಟುಕೊಂಡಿದ್ದೇನೆ

(ನೇಪಾಳದ ಪೋಖರಾದಲ್ಲಿ ಒಂದು ಮಕ್ಕಳ ನಿವಾಸದಲ್ಲಿ ಮೂರು ತಿಂಗಳು ಸಂಬಳವಿಲ್ಲದೆ ಪಾಠ ಹೇಳಿ ಬಂದ ಕುಮಟಾ ತಾಲ್ಲೂಕಿನ ಓದುಗರೊಬ್ಬರ ಲೇಖನವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ‘ಅನಾಥ ಮಕ್ಕಳ ನಡುವೆ ತೊಂಬತ್ತು ದಿನ’ ಎಂಬ ಅವರ ತಲೆಬರಹವನ್ನು ನಾವು ಬದಲಿಸಿದೆವು, ಮಕ್ಕಳ ಫೋಟೊಗಳನ್ನು ಕೈಬಿಟ್ಟೆವು, ಕೊನೆಯಲ್ಲಿದ್ದ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ತೆಗೆದೆವು. ‘ಕಾರವಾರದ ಕುರ್ಚಿಯಲ್ಲಿ ಕುಳಿತು ಕತ್ತರಿ ಆಡಿಸುವುದು ಸುಲಭ’ ಎಂದು ಅವರು ನೊಂದು ಬರೆದಿದ್ದಾರೆ. ಬರುವ ಏಪ್ರಿಲ್‌ನಲ್ಲಿ ಮತ್ತೆ ಹೋಗುವವರಿದ್ದಾರೆ. ಜೊತೆಗೆ ಬರುವ ಓದುಗರಿದ್ದರೆ ತಿಳಿಸಿ ಎಂದೂ ಕೇಳಿದ್ದಾರೆ.)

ತಂಗೀ,

ಹಾಗೆ ಕರೆಯುವಷ್ಟು ವಯಸ್ಸು ನನಗಾಗಿದೆ, ಬೇಸರಿಸಬೇಡಿ. ಕುರ್ಚಿಯ ಮಾತು ನಿಜ. ಕತ್ತರಿಯ ಮಾತೂ ನಿಜ. ಆದರೆ ಎಲ್ಲಿ ಕತ್ತರಿಸಿಲ್ಲ ಎಂಬುದನ್ನು ಮೊದಲು ನೋಡಿ.

ನಿಮ್ಮ ದಿನಚರಿಯ ಒಂದಕ್ಷರವನ್ನೂ ನಾನು ಮುಟ್ಟಿಲ್ಲ. ಬೆಳಗಿನ ಐದಕ್ಕೆ ಬಾರಿಸುವ ಕಬ್ಬಿಣದ ತುಂಡು, ಇಪ್ಪತ್ತೆರಡು ಮಕ್ಕಳಿಗೆ ಒಂದೇ ನಲ್ಲಿ, ಕೊರೆಯುವ ನೀರು ಮುಖಕ್ಕೆ ಬಿದ್ದಾಗಿನ ಚೀರಾಟ, ಸಾಸಿವೆ ಎಣ್ಣೆಯ ಘಾಟು, ಒಂಬತ್ತಕ್ಕೆ ಅನ್ನ–ಬೇಳೆ ಉಂಡು ಹತ್ತರ ಶಾಲೆಗೆ ಹೊರಡುವ ಸಾಲು. ಬೆಳಗ್ಗೆ ಒಂಬತ್ತಕ್ಕೇ ಅನ್ನ ಉಣ್ಣುವುದು ನಿಮಗೆ ಒಂದು ವಾರ ಒಗ್ಗಲಿಲ್ಲ. ಸಂಜೆ ಅವಲಕ್ಕಿ ಕೊಟ್ಟಾಗ ಊರು ನೆನಪಾಗಿ ಗಂಟಲು ಕಟ್ಟಿತು. ಅಲ್ಲಿ ಶನಿವಾರ ರಜೆ, ಭಾನುವಾರ ಶಾಲೆ ಎಂಬುದನ್ನು ಮರೆತು ಮೊದಲ ಭಾನುವಾರ ಎಂಟರವರೆಗೆ ಮಲಗಿಬಿಟ್ಟಿರಿ. ಇದನ್ನು ಓದಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಹೀಗೆ ಬರೆಯುವವರು ನಮಗೆ ವರ್ಷಕ್ಕೆ ಇಬ್ಬರು ಸಿಕ್ಕರೆ ಹೆಚ್ಚು.

ಇಡೀ ಲೇಖನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನೀವು ಎರಡೇ ಸಾಲಿನಲ್ಲಿ ದಾಟಿಹೋದ ಸಂಗತಿ. ಐದನೆಯ ತರಗತಿಯ ಹುಡುಗಿಯ ಪೆಟ್ಟಿಗೆಯಲ್ಲಿ ಮೂರು ನೋಟ್‌ಬುಕ್‌ಗಳಿದ್ದವು. ಮೂರರಲ್ಲಿಯೂ ಮೊದಲ ಹತ್ತು ಪುಟ ತುಂಬಿತ್ತು, ಮೂರರಲ್ಲಿಯೂ ಇಂಗ್ಲಿಷಿನ ಎ ಯಿಂದ ಝಡ್ ವರೆಗಿನ ಅಕ್ಷರಗಳು. ನಿಮಗಿಂತ ಮೊದಲು ಬಂದಿದ್ದ ಮೂವರು ಮೊದಲಿನಿಂದ ಆರಂಭಿಸಿ, ಮುಂದಕ್ಕೆ ಹೋಗುವಷ್ಟರಲ್ಲಿ ತಮ್ಮ ಊರಿಗೆ ಮರಳಿದ್ದರು. ನೀವು ನಾಲ್ಕನೆಯ ನೋಟ್‌ಬುಕ್ ಕೊಂಡು ಕೊಟ್ಟಿರಿ. ಅದರಲ್ಲಿ ಎಷ್ಟನೆಯ ಪುಟದವರೆಗೆ ಹೋದಿರಿ ಎಂಬುದನ್ನು ಬರೆದಿಲ್ಲ.

ಫೋಟೊಗಳ ವಿಷಯ ಚಿಕ್ಕದು. ನಮ್ಮ ದೇಶದಲ್ಲಿ 2015ರ ಬಾಲನ್ಯಾಯ ಕಾಯ್ದೆಯ 74ನೆಯ ಸೆಕ್ಷನ್ ಪ್ರಕಾರ, ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಮಕ್ಕಳು ನೇಪಾಳದವರಲ್ಲವೇ ಎನ್ನುತ್ತೀರಿ. ಹೊನ್ನಾವರದ ಮಗುವಿನ ಮುಖವನ್ನು ಮುಚ್ಚಿ ಪೋಖರಾದ ಮಗುವಿನ ಮುಖವನ್ನು ಅಚ್ಚು ಹಾಕಲು ನನ್ನ ಕೈ ಬರಲಿಲ್ಲ.

ತಲೆಬರಹದ ವಿಷಯ ದೊಡ್ಡದು. ದಸೈಂ ಹಬ್ಬಕ್ಕೆ, ಅಂದರೆ ಅಲ್ಲಿನ ದಸರೆಗೆ, ನಿವಾಸ ಬಹುಪಾಲು ಖಾಲಿಯಾಯಿತು, ಇಪ್ಪತ್ತೆರಡು ಮಕ್ಕಳಲ್ಲಿ ಹದಿನಾಲ್ಕು ಮಂದಿ ಊರಿಗೆ ಹೋದರು, ಕೆಲವರನ್ನು ತಾಯಂದಿರೇ ಬಂದು ಕರೆದೊಯ್ದರು ಎಂದು ನೀವೇ ಬರೆದಿದ್ದೀರಿ. ಅದೇ ಪುಟದ ಮೇಲೆ ‘ಅನಾಥ’ ಎಂಬ ಶಬ್ದ. ನಾನು ಜೋಯಿಡಾ ಕಡೆಯ ಕಾಡೂರಿನವನು. ದಿನಕ್ಕೊಂದು ಬಸ್ಸಿನ ಊರು. ಏಳನೆಯ ತರಗತಿಯ ನಂತರ ಶಾಲೆಯಿರಲಿಲ್ಲವಾದ್ದರಿಂದ ಹಾಸ್ಟೆಲಿನಲ್ಲಿ ಬೆಳೆದೆ. ನಮ್ಮಲ್ಲಿಯೂ ನಸುಕಿನ ಗಂಟೆ ಇತ್ತು, ಸಾಲಿನಲ್ಲಿ ತಟ್ಟೆ ಹಿಡಿಯುವುದಿತ್ತು, ಚೌತಿ ಹಬ್ಬಕ್ಕೆ ಅಪ್ಪಂದಿರು ಕೊಡೆ ಹಿಡಿದು ಬಂದು ಕರೆದೊಯ್ಯುವುದಿತ್ತು. ನಮ್ಮ ಬಾಗಿಲಿನ ಫಲಕದಲ್ಲಿ ‘ವಿದ್ಯಾರ್ಥಿ ನಿಲಯ’ ಎಂದು ಬರೆದಿದ್ದರು. ಆ ಒಂದು ಫಲಕವನ್ನು ಬದಲಿಸಿದ್ದರೆ ನಾನೂ ಯಾರದೋ ಫೋಟೊದಲ್ಲಿ ಅನಾಥನಾಗಿರುತ್ತಿದ್ದೆ. ದೂರದವರು ಹಣ ಕಳಿಸುತ್ತಿದ್ದರು, ವಾರ್ಡನ್‌ಗೆ ನಮ್ಮನ್ನು ಮನೆಗೆ ಕಳಿಸುವ ಮನಸ್ಸು ಬರುತ್ತಿರಲಿಲ್ಲ.

ನೇಪಾಳದಲ್ಲಿ ಆದದ್ದು ಬಹುಮಟ್ಟಿಗೆ ಇದೇ. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ ಹುಮ್ಲಾದಂಥ ಬೆಟ್ಟದ ಜಿಲ್ಲೆಗಳ ತಂದೆ–ತಾಯಿಯರು, ಮಕ್ಕಳು ಬಂದೂಕಿನ ಪಾಲಾಗದೆ ಓದಿಕೊಂಡಿರಲಿ ಎಂದು ದಲ್ಲಾಳಿಗಳ ಕೈಗೆ ಒಪ್ಪಿಸಿದರು. ಅದಕ್ಕೆ ಅವರೇ ಹಣವನ್ನೂ ಕೊಟ್ಟರು. ದಲ್ಲಾಳಿಗಳು ಮಕ್ಕಳನ್ನು ಕಠ್ಮಂಡು ಮತ್ತು ಪ್ರವಾಸಿಗರು ಸೇರುವ ಊರುಗಳ ನಿವಾಸಗಳಿಗೆ ತುಂಬಿದರು. ಕಾಂಬೋಡಿಯದಲ್ಲೂ ಹೀಗೆಯೇ ಆಯಿತು: ಯುದ್ಧ ಮುಗಿದು ಎಷ್ಟೋ ಕಾಲವಾದ ಮೇಲೆ, 2005ರಿಂದ 2010ರ ನಡುವೆ, ಇಂಥ ನಿವಾಸಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಇದ್ದರು. ಅನಾಥರು ಹೆಚ್ಚಾಗಲಿಲ್ಲ, ನೋಡಲು ಬರುವವರು ಹೆಚ್ಚಾದರು. ನೀವಿದ್ದ ನಿವಾಸವೂ ಅಂಥದ್ದೇ ಎಂದು ನಾನು ಹೇಳುತ್ತಿಲ್ಲ. ಹೌದೋ ಅಲ್ಲವೋ ಎಂದು ನೀವು ಕೇಳಿಲ್ಲ, ನಿಮ್ಮನ್ನೂ ಯಾರೂ ಏನೂ ಕೇಳಿಲ್ಲ. ಸುನೌಲಿ ಗಡಿಯಲ್ಲಿ ನಮ್ಮವರಿಗೆ ವೀಸಾ ಬೇಕಿಲ್ಲ, ಸರಿ. ನಿವಾಸದವರಾದರೂ ಒಂದು ಪೊಲೀಸ್ ಪ್ರಮಾಣಪತ್ರ ಬೇಡಿದರೇ? ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗಲೂ ನಾವು ನಾಲ್ಕು ಮನೆ ವಿಚಾರಿಸುತ್ತೇವೆ.

ನಮ್ಮ ಕಚೇರಿಯ ಕೆಳಗಿನ ಹೋಟೆಲಿನಲ್ಲಿ ದೋಸೆ ಎರೆಯುವವನು ನೇಪಾಳದವನು. ನಿಮ್ಮ ಲೇಖನದ ಒಬ್ಬ ಹುಡುಗನ ತಂದೆ ‘ಇಂಡಿಯಾದಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ’ ಎಂದು ಓದಿದ ಮೇಲೆ, ಒಂದು ಸಂಜೆ ಇವನ ಮಕ್ಕಳ ವಿಷಯ ಕೇಳಿದೆ. ಇಬ್ಬರಂತೆ. ಊರಿನಲ್ಲಿಲ್ಲ, ಪೇಟೆಯ ‘ಹಾಸ್ಟೆಲ್’ನಲ್ಲಿದ್ದಾರಂತೆ. ಅದರ ಫಲಕದಲ್ಲಿ ಏನು ಬರೆದಿದೆ ಎಂದೆ. ತಾನು ನೋಡಿಲ್ಲ, ಸೇರಿಸಿದವನೇ ಕರೆದುಕೊಂಡು ಹೋದ ಎಂದ. ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ. ಬನ್ಸ್ ಅರ್ಧಕ್ಕೆ ಬಿಟ್ಟು ಮೆಟ್ಟಿಲು ಹತ್ತಿದೆ.

ಬ್ಯಾಂಕ್ ಖಾತೆ ತೆಗೆದದ್ದಕ್ಕೆ ಕಾರಣ ಇನ್ನು ಬೇರೆ ಹೇಳಬೇಕಿಲ್ಲ. ಹಣ ಕಳಿಸುತ್ತೇವೆ ಎಂದು ಶಿರಸಿ, ಅಂಕೋಲಾ ಕಡೆಯಿಂದ ಕರೆ ಮಾಡಿದ ಓದುಗರಿಗೆ ನಾನು ಕೇಂದ್ರ ಸರ್ಕಾರದ ‘ಮಿಷನ್ ವಾತ್ಸಲ್ಯ’ ಯೋಜನೆಯ ವಿಷಯ ಹೇಳಿದೆ. ಗಂಡನನ್ನು ಕಳೆದುಕೊಂಡ ಬಡ ತಾಯಿ ಮಗುವನ್ನು ತನ್ನ ಬಳಿಯೇ ಇಟ್ಟುಕೊಂಡು ಓದಿಸಲು ಆ ಯೋಜನೆಯಲ್ಲಿ ತಿಂಗಳಿಗೆ 4000 ರೂಪಾಯಿ ಸಿಗುತ್ತದೆ. ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ನಿಮ್ಮ ಕೇರಿಯಲ್ಲಿ ಅಂಥ ತಾಯಿಯಿದ್ದರೆ ಅರ್ಜಿ ತುಂಬಿಕೊಡಿ ಎಂದೆ. ಒಬ್ಬರು ಆಗಲಿ ಎಂದರು. ಇನ್ನೊಬ್ಬರು ‘ಅದರಲ್ಲಿ ನಮ್ಮದೇನು ಬಂತು’ ಎಂದು ಫೋನ್ ಇಟ್ಟರು.

ಹೊರಡುವ ದಿನ ಮಕ್ಕಳು ಬಿಕ್ಕಿ ಅತ್ತರು, ಅದೇ ನನ್ನ ಸಂಬಳ ಎಂದಿದ್ದೀರಿ. ಆ ಸಾಲನ್ನು ಉಳಿಸಿದ್ದೇನೆ. ಆದರೆ ಬಂದ ಮೊದಲ ದಿನವೇ ಇಬ್ಬರು ಸಣ್ಣವರು ನಿಮ್ಮ ಮಡಿಲೇರಿ ಕುಳಿತರಲ್ಲ, ಅದನ್ನು ಓದಿ ನನಗೆ ಕಸಿವಿಸಿಯಾಯಿತು. ಮನೆಯಲ್ಲಿ ಬೆಳೆದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ. ನಮ್ಮ ಹಾಸ್ಟೆಲಿಗೆ ಸಂಜೆಯ ಪಾಠಕ್ಕೆಂದು ಒಬ್ಬರು ಮಾಸ್ತರರು ಬರುತ್ತಿದ್ದರು. ನಮ್ಮ ಮನೆಗಳ ನಾಯಿಗಳ ಹೆಸರೆಲ್ಲ ಅವರಿಗೆ ಗೊತ್ತಿತ್ತು. ದೀಪಾವಳಿಗೆ ಊರಿಗೆ ಹೋದವರು ತಿರುಗಿ ಬರಲಿಲ್ಲ. ಅವರ ಜಾಗಕ್ಕೆ ಬಂದವರು ಹೆಚ್ಚು ಒಳ್ಳೆಯವರು, ಗಣಿತ ನನಗೆ ತಿಳಿದದ್ದೇ ಅವರಿಂದ. ಅವರು ತಂದ ಪೆಪ್ಪರ್‌ಮಿಂಟನ್ನು ಚೀಪಿದೆವು. ನಾಯಿಗಳ ಹೆಸರನ್ನು ಮಾತ್ರ ಅವರಿಗೆ ನಾವು ಯಾರೂ ಹೇಳಲಿಲ್ಲ.

ಇನ್ನು ಏಪ್ರಿಲ್ ಪ್ರಯಾಣ. ಬೇಡ ಎನ್ನಲು ನಾನು ಯಾರು? ನಿಮ್ಮ ಬಳಿ ಬಿ.ಎಡ್. ಇದೆ, ನೇಪಾಳಿಯಲ್ಲಿ ಮಕ್ಕಳನ್ನು ಗದರಿಸುವಷ್ಟು ಕಲಿತಿದ್ದೀರಿ. ಅಲ್ಲಿ ಶಾಲೆಯ ವರ್ಷ ಬೈಶಾಖದಲ್ಲಿ, ಅಂದರೆ ಏಪ್ರಿಲ್ ನಡುವಿಗೆ ಶುರುವಾಗುತ್ತದೆ. ಹೋದರೆ ವರ್ಷ ಮುಗಿಯುವವರೆಗೂ ಇರುವಂತೆ ಹೋಗಿ. ನಿವಾಸದಲ್ಲಿ ಉಳಿಯಬೇಡಿ. ಆ ಮಕ್ಕಳೂ ಸುತ್ತಲಿನ ಮನೆಗಳ ಮಕ್ಕಳೂ ಒಟ್ಟಿಗೆ ಕೂರುವ ಶಾಲೆಯಲ್ಲಿ, ಅಲ್ಲಿನ ಇಂಗ್ಲಿಷ್ ಶಿಕ್ಷಕಿಯ ಪಕ್ಕದಲ್ಲಿ ಕೆಲಸ ಮಾಡಲು ಬಿಡುತ್ತಾರೆಯೇ ಎಂದು ಪತ್ರ ಬರೆದು ಕೇಳಿ. ನೀವು ಊರಿಗೆ ಮರಳಿದ ಮೇಲೂ ಆಕೆ ಅಲ್ಲಿಯೇ ಇರುತ್ತಾರೆ. ಹೊರಡುವ ಮೊದಲು, ದಸೈಂಗೆ ಊರಿಗೆ ಹೋದ ಹದಿನಾಲ್ಕು ಮಕ್ಕಳು ಮರಳಿ ನಿವಾಸಕ್ಕೆ ಯಾಕೆ ಬರಬೇಕಾಯಿತು ಎಂದು ನಡೆಸುವವರನ್ನು ವಿಚಾರಿಸಿ. ಜೊತೆಗೆ ಬರುವವರು ಬೇಕೆಂಬ ನಿಮ್ಮ ಪ್ರಕಟಣೆಯನ್ನು ಆ ಉತ್ತರ ಬಂದ ಮೇಲೆ ಯೋಚಿಸುತ್ತೇನೆ.

ಫೋಟೊಗಳನ್ನು ಇದೇ ಅಂಚೆಯಲ್ಲಿ ಹಿಂದಿರುಗಿಸಿದ್ದೇನೆ. ಮೆಟ್ಟಿಲ ಮೇಲೆ ಇಪ್ಪತ್ತೆರಡು ಜೊತೆ ಹವಾಯಿ ಚಪ್ಪಲಿಗಳ ಚಿತ್ರವೊಂದನ್ನು ಇಟ್ಟುಕೊಂಡಿದ್ದೇನೆ, ಅದರಲ್ಲಿ ಯಾರ ಮುಖವೂ ಇಲ್ಲ. ಮೂರು ನೋಟ್‌ಬುಕ್‌ಗಳ ಸಂಗತಿಯನ್ನು ಬಿಡಿಸಿ ಬರೆದು ಕಳಿಸಿದರೆ ಅದರ ಜೊತೆಗೆ ಅಚ್ಚು ಹಾಕುತ್ತೇನೆ. ಎಂಟುನೂರು ಪದ ಸಾಕು. ಚೌತಿಗೆ ಹತ್ತು ದಿನ ಮೊದಲು ಕೈಸೇರಬೇಕು, ಹಬ್ಬದ ವಾರ ನಮ್ಮ ಮುದ್ರಣಾಲಯದವರು ಯಾರ ಮಾತನ್ನೂ ಕೇಳುವುದಿಲ್ಲ. ನಾಲ್ಕನೆಯ ನೋಟ್‌ಬುಕ್ ಎಷ್ಟನೆಯ ಪುಟದಲ್ಲಿ ನಿಂತಿದೆ ಎಂಬುದನ್ನೂ ಬರೆಯಿರಿ.

– ಸಂಪಾದಕ